ಕಾಟನ್ ಗ್ರೀನ್, ರಾತ್ರಿ ಎರಡೂವರೆ

ನೀರು ಎಲ್ಲೋ ಸೋರುತ್ತಿತ್ತು. ಎಲ್ಲಿ ಅಂತ
ರಸ್ತೆಗೂ ಗೊತ್ತಿರಲಿಲ್ಲ.
ನಾಲ್ಕು ದಿನದಿಂದ ಮೂರನೇ ಮಾಳಿಗೆಯ ನಲ್ಲಿಗಳು
ಬರೀ ಗಾಳಿ ಕೆಮ್ಮುತ್ತಿದ್ದವು.

ಘರತ್ ಮಾಮಾ ಕಬ್ಬಿಣದ ಸರಳನ್ನು ಡಾಂಬರಿಗೆ ಊರಿ
ಬಟ್ಟಲಿನಂಥ ತುದಿಗೆ ಕಿವಿಯಿಟ್ಟರು.
"ಇಲ್ಲೇ" ಅಂದರು. ಆಮೇಲೆ, "ಇಲ್ಲೇ ಇರಬೇಕು."
ಆ 'ಬೇಕು'ವಿನ ಸಂದಿಯಲ್ಲಿ
ಇಲಿಯಾಸ್ ಮೊಳೆ ತೂರಿಸಿದ:
"ಅದು ಗಿರಣಿ ಚಾಳಿನ ಪಂಪು, ಮಾಮಾ.
ನಿಲ್ಲಿಸಿ ಕೇಳೋಣ."

ಪಂಪು ನಿಲ್ಲಿಸಲು ಕಾವಲಿನವನನ್ನು ಎಬ್ಬಿಸಬೇಕು,
ಎಬ್ಬಿಸಲು ಬೈಗುಳ ಬೇಕು. ಅದನ್ನು ಸಿದ್ರಾಮ
ಅಕ್ಕಲಕೋಟೆಯ ಕನ್ನಡದಲ್ಲೇ ಕೊಟ್ಟ.
ಭಾಷೆ ತಿಳಿಯಲಿಲ್ಲ ಅವನಿಗೆ, ವಿಷಯ ತಿಳಿಯಿತು.

ಪಂಪು ನಿಂತಿತು. ಸದ್ದೂ ನಿಂತಿತು.
ಮಾಮಾ ಸರಳು ಕಿತ್ತು ಬೀಡಿ ತೆಗೆದರು.
ಇಪ್ಪತ್ತೆಂಟು ವರ್ಷದ ಕಿವಿ ತಪ್ಪಿದ್ದನ್ನು
ಯಾರೂ ಬಾಯಿಬಿಟ್ಟು ಹೇಳಲಿಲ್ಲ;
ಬೆಂಕಿಪೊಟ್ಟಣ ಕೈಯಿಂದ ಕೈಗೆ ಹೋಯಿತು.

ನನ್ನ ಹತ್ತಿರ ನಕ್ಷೆಯಿತ್ತು, ನಕಲಿನ ನಕಲು.
ಇದರಲ್ಲಿ ಕೊಳವೆ ನೆಟ್ಟಗೆ ಹೋಗುತ್ತದೆ ಅಂದೆ.
"ನೆಟ್ಟಗ ಅಂದ್ರ?" ಸಿದ್ರಾಮ ಕೇಳಿದ.
ಹೊಸಬ. ಕೇಳಲು ನಾಚುವುದನ್ನು ಇನ್ನೂ ಕಲಿತಿರಲಿಲ್ಲ.
"ಆ ಅರಳಿಮರ ಸುತ್ತಿ ಹೋಗ್ತದೋ, ಅದರ ಬುಡದಾಗಿಂದ್ಲೋ?"

ಮರವೇ ನಕ್ಷೆಯಲ್ಲಿ ಇರಲಿಲ್ಲ.

ಆಮೇಲಿನ ಮಾತು ಯಾರದು ಯಾವುದು, ಹೇಳಲಾರೆ.
"ಬೇರು..." "ಹಾಂ, ಬೇರು ಜೋಡಣೆಯನ್ನ..."
"ಆದ್ರೆ ನೀರು ಮೇಲೆ ಬರಬೇಕಲ್ಲ?"
"ಬರಲ್ಲ, ಕೆಳಗೆ ಹಳೇ ಗಟಾರ..."
ಒಬ್ಬ ಬಿಟ್ಟ ವಾಕ್ಯವನ್ನು ಇನ್ನೊಬ್ಬ ಎತ್ತಿಕೊಳ್ಳುತ್ತ,
ಲಾರಿಯಿಂದ ಹತ್ತಿಯ ಮೂಟೆ ಇಳಿಸುವವರ ಹಾಗೆ
ಮರಾಠಿ ಹಿಂದಿಗೆ, ಹಿಂದಿ ಕನ್ನಡಕ್ಕೆ ಹೆಗಲು ಬದಲಿಸುತ್ತ.
ಸೈಕಲ್ ಚಹಾದವನೂ ನಡುವೆ ಬಾಯಿ ಹಾಕಿದ:
"ಆ ಗಟಾರದ ಹೆಗ್ಗಣಗಳು ಸೋಮವಾರದಿಂದ
ರಸ್ತೆ ಮೇಲೇ ಇವೆ, ಮೇಡಂ."

ಎಲ್ಲರೂ ಒಮ್ಮೆಲೇ ಸುಮ್ಮನಾದೆವು.
ಮಾಮಾ ಬೀಡಿ ಹೊಸಕಿ ಎದ್ದರು.

ಮುಚ್ಚಳ ಎತ್ತಿದಾಗ ಟಾರ್ಚಿನ ಬೆಳಕಿಗೆ
ಗಟಾರದಲ್ಲಿ ಹರಿಯುತ್ತಿತ್ತು ತಿಳಿನೀರು,
ತಳದ ಇಟ್ಟಿಗೆ ಎಣಿಸಬಹುದಾದಷ್ಟು ತಿಳಿ.

ಬೆಳಿಗ್ಗೆ ವಾರ್ಡ್ ಆಫೀಸಿನ ಫಾರಂ.
ಸೋರಿಕೆ ಪತ್ತೆ ಹಚ್ಚಿದವರ ಹೆಸರು: ಒಂದೇ ಗೆರೆ.
ಹೆಗ್ಗಣದಿಂದ ಶುರು ಮಾಡಲೇ?
ಪೆನ್ನು ಹಿಡಿದು ಕೂತಿದ್ದೇನೆ.
ಹಿಂದೆ ಸಿಮೆಂಟಿನ ನೆಲಕ್ಕೆ ಸರಳು ಊರಿಸಿ
ಮಾಮಾ ಸಿದ್ರಾಮನಿಗೆ ಕಿವಿಯಿಡಲು ಕಲಿಸುತ್ತಿದ್ದಾರೆ.

"ಏನು ಕೇಳಿಸ್ತು?"
"ನೀವು ಮಾತಾಡೋದು."