ನೀರಿನ ಪಾಳಿ

ಬರ್ಕಾದಿಂದ ನಖಲ್‌ಗೆ ಮೂವತ್ತು ಚಿಲ್ಲರೆ ಕಿಲೋಮೀಟರು.
ಇಷ್ಟಕ್ಕೆ ಯಾರಾದರೂ ಮನೆಯನ್ನೇ ಓಡಿಸಿಕೊಂಡು ಹೋಗುತ್ತಾರೆಯೇ
ಎಂದಳು ವಾರಿಜಾ.
ಹೋಗುತ್ತಾರೆ, ಪುಕ್ಕಟೆ ಸಿಕ್ಕರೆ.
ಗ್ಯಾರೇಜಿನ ಮುಝಮ್ಮಿಲ್, ಭಟ್ಕಳದವ, ಬೀಗದ ಕೈ ಕೊಟ್ಟು ಹೇಳಿದ:
‘ಜರ್ಮನ್ ಮುದುಕನ ಕ್ಯಾರವಾನು. ಬ್ರೇಕು ಸರಿ ಮಾಡಿದ್ದೇನೆ.
ಫ್ರಿಜ್ಜಿನ ಬಾಗಿಲು ಮಾತ್ರ ಹಗ್ಗ ಹಾಕಿ ಕಟ್ಟು.
ಐದನೇ ತಾರೀಖಿನೊಳಗೆ ತಂದುಬಿಡು ಮಾರಾಯ.’

ಮಗಳಿಗೆ ಚಳಿಗಾಲದ ರಜೆ.
ನನಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ,
ಸಾಲಾಗಿ ಮೂರು ರಾತ್ರಿ ಬಿಡುವು.

ನಾನು ನೀರು ಮಾಡುವವನು.
ಹೀಗೆಂದರೆ ಅಂಕೋಲೆಯಲ್ಲಿ ಭಾವ ನಗುತ್ತಾನೆ:
ನೀರು ಮಾಡುವುದಾ? ಅದೇನು ದೋಸೆಯಾ?
ಹೌದು. ಕಡಲನ್ನು ಕೊಳವೆಗೆ ಕರೆದು,
ಪೊರೆಗೆ ಒತ್ತಿ ಒತ್ತಿ ಉಪ್ಪನ್ನು ಆಚೆ ನಿಲ್ಲಿಸಿ,
ಈಚೆ ನುಸುಳಿ ಬಂದ ಬಡಪಾಯಿಗೆ
ರುಚಿ ಬರಲೆಂದು ಸುಣ್ಣದ ಕಲ್ಲು ತಿನ್ನಿಸಿ
ಊರಿಗೆ ಬಿಡುತ್ತೇವೆ.
ಪಂಪು ನಿಂತರೆ ಮೊದಲು ನನ್ನ ಎದೆಗೆ ಗೊತ್ತಾಗುತ್ತದೆ,
ಆಮೇಲೆ ಸೈರನ್ನಿಗೆ.
ಮನೆಯ ನಲ್ಲಿ ತಿರುಗಿಸಿದರೂ
ಇದು ಯಾರ ಪಾಳಿಯ ನೀರು ಎಂದು ಯೋಚಿಸುತ್ತೇನೆ.

ಕ್ಯಾರವಾನಿನ ಟ್ಯಾಂಕಿಗೆ ನೂರು ಲೀಟರು ತುಂಬಿದ್ದೆ.
ಪ್ರತಿ ಉಬ್ಬಿಗೂ ಸೀಟಿನಡಿ ಗುಳುಗುಳು:
ನಾನೇ ಮಾಡಿದ ನೀರು
ನಮ್ಮ ಜೊತೆ ಪ್ರವಾಸ ಹೊರಟಿತ್ತು.

ಬೋಳು ಬೆಟ್ಟ. ಕೋಟೆ. ಖರ್ಜೂರದ ತೋಟ ದಾಟಿ
ಬಂಡೆಯ ಬುಡದಲ್ಲಿ ಅದು, ಐನ್.
ಅರಬಿಯಲ್ಲಿ ಐನ್ ಎಂದರೆ ಕಣ್ಣೂ ಹೌದು, ಚಿಲುಮೆಯೂ ಹೌದು.
ನಮ್ಮಲ್ಲೂ ಬಾವಿ ತೋಡುವವರು ಹೀಗೇ ಕೂಗುತ್ತಾರಲ್ಲ,
ಕಣ್ಣು ಸಿಕ್ಕಿತು, ಹಗ್ಗ ಬಿಡಿ ಎಂದು.
ಕಾಲು ಇಳಿಬಿಟ್ಟೆ.
ಹಂಡೆಯ ಕೊನೆಯ ತಂಬಿಗೆಯ ಬಿಸಿ.
ಪುಟ್ಟ ಮೀನುಗಳು ಬಂದು ಹಿಮ್ಮಡಿಯ ಬಿರುಕು ಕಚ್ಚಿದವು.
ಅವನಿ ಕಿಲಕಿಲ ನಕ್ಕು, ತಟ್ಟನೆ ನಗು ನಿಲ್ಲಿಸಿ ಕೇಳಿದಳು:
‘ಪಪ್ಪಾ, ಇಲ್ಲಿ ಈಗ ಡ್ಯೂಟಿಯಲ್ಲಿ ಯಾರಿದ್ದಾರೆ?’
ಯಾರೂ ಇಲ್ಲ ಮಗಾ.
‘ಮತ್ತೆ ಹೇಗೆ ಬರುತ್ತದೆ?’

ಉತ್ತರ ಗೊತ್ತಿಲ್ಲದೆ ಜೇಬಿನಿಂದ ಮೀಟರು ತೆಗೆದು ನೀರಿಗದ್ದಿದೆ.
ಅಂಕೆ ಮಿನುಗುವ ಮುಂಚೆಯೇ ವಾರಿಜಾ ಗದರಿದಳು:
‘ಒಳಗಿಡಿ ಅದನ್ನು.
ಉಂಡ ಮನೆಯಲ್ಲಿ ಅಗುಳು ಎಣಿಸುತ್ತಾರಾ?’

ರಾತ್ರಿ ಎರಡಕ್ಕೆ ಎಚ್ಚರ.
ಪ್ಯಾನೆಲ್ಲಿನ ಒತ್ತಡ ಬರೆದುಕೊಳ್ಳುವ ಹೊತ್ತು ಅದು,
ಮೈಗೆ ರಜೆ ಅರ್ಥವಾಗುವುದಿಲ್ಲ.
ಆರು ವರ್ಷ ಪೆಟ್ಟಿಗೆಯಲ್ಲಿದ್ದ ಸ್ವೆಟರು, ನುಸಿಗುಳಿಗೆಯ ವಾಸನೆ.
ಬಾಗಿಲು ತೆರೆದರೆ ಚಳಿ, ಆಚೆ ತೋಟದಲ್ಲಿ ಒಂದು ಟಾರ್ಚು.
ಮುದುಕ. ಬರಿಗಾಲು ಕಾಲುವೆಯಲ್ಲಿ.
ಚಿಂದಿ ಸುತ್ತಿದ ಕಲ್ಲೊಂದನ್ನು ಇಲ್ಲಿಂದ ಎತ್ತಿ ಅಲ್ಲಿಟ್ಟ.
ನೀರು, ಹಗ್ಗ ಜಗ್ಗಿದ ಕರುವಿನ ಹಾಗೆ,
ಒಂದು ಗಳಿಗೆ ತಡೆದು,
ತಿರುಗಿತು.

‘ನನ್ನ ಸರದಿ’ ಎಂದ. ಹೆಸರು ಹಮ್ದಾನ್. ‘ನಾಲ್ಕರ ತನಕ.
ಅಪ್ಪ ನಕ್ಷತ್ರ ನೋಡುತ್ತಿದ್ದ, ನನಗೆ ಮೊಬೈಲು.’
ಹರುಕು ಅರಬಿಯಲ್ಲಿ ಹೇಳಿದೆ: ನಾನೂ ರಾತ್ರಿಯವನೇ,
ಬರ್ಕಾದಲ್ಲಿ, ನೀರಿನ ಕಾರ್ಖಾನೆ.
ಟಾರ್ಚನ್ನು ನನ್ನ ಮುಖಕ್ಕೆ ಹಿಡಿದು ತುಸು ಹೊತ್ತು ನೋಡಿದ.
‘ಬಿಲ್ಲು ಜಾಸ್ತಿ ನಿಮ್ಮದು’ ಎಂದ.

ಮತ್ತೇನೂ ಮಾತಾಡಲಿಲ್ಲ.
ದಂಡೆಯ ಮೇಲೆ ಕೂತು ಇಬ್ಬರೂ ಕೇಳಿಸಿಕೊಂಡೆವು,
ಬೇರು ಬೇರು ಮುಟ್ಟುತ್ತ ಅದು ಕತ್ತಲೊಳಗೆ ಹೋಗುವುದನ್ನು.
ನಾಲ್ಕಕ್ಕೆ ಕಲ್ಲು ಮತ್ತೆ ಎತ್ತಿದ.
ಸಹಿ ಹಾಕುವ ಪುಸ್ತಕವೇನೂ ಇರಲಿಲ್ಲ.

ಬೆಳಿಗ್ಗೆ ಅವನಿಗೆ ಹೇಳಿದೆ, ಡ್ಯೂಟಿಯಲ್ಲಿ ಒಬ್ಬ ಅಜ್ಜ ಇದ್ದಾನೆ.
‘ಬೂಟು ಹಾಕಿದ್ದನಾ?’
ಇಲ್ಲ.
‘ಹೆಲ್ಮೆಟ್ಟು?’
ಅದೂ ಇಲ್ಲ.
‘ಹಾಗಾದರೆ ಸುಳ್ಳು’ ಎಂದು ಮೀನುಗಳ ಬಳಿ ಓಡಿದಳು.

ಹೊರಡುವ ದಿನ ಟ್ಯಾಂಕಿನಲ್ಲಿ ಉಳಿದದ್ದನ್ನು
ಬೇಲಿಯಂಚಿನ ಎಳೆಯ ನಿಂಬೆಗಿಡಕ್ಕೆ ಬಿಟ್ಟೆ.
ಕುಡಿಯಿತು. ಯಾರ ಪಾಳಿಯದೆಂದು ಕೇಳಲಿಲ್ಲ.
ವಾಪಸು ದಾರಿಯುದ್ದಕ್ಕೂ ಸೀಟಿನಡಿ ಸದ್ದಿಲ್ಲ,
ಹಗ್ಗ ಸಡಿಲಿ ಫ್ರಿಜ್ಜಿನ ಬಾಗಿಲೊಂದೇ
ಧಡ್, ಧಡ್.