ಮಾಹಿತಿ ಸಾಲದು

ನಮೂನೆಯ ಮೊದಲ ಕಲಮಿಗೇ ಪೆನ್ನು ನಿಂತಿತು:
ಹೂ ಬಿಡುವ ಪ್ರಾಯದ ಮರಗಳು ಒಟ್ಟು ಎಷ್ಟು?

ನಮ್ಮ ತೋಟದಲ್ಲಿ ಎರಡಿವೆ.
ಫಲ್ಗುಣಿಯ ಕಡೆಗೆ ಇಳಿಯುವ ಮುರಕಲ್ಲಿನ ಬದುವಿನಲ್ಲಿ,
ಕೊರಳಿಗೆ ತಗಡಿನ ಬಿಲ್ಲೆ, ನಾನೂರ ಹದಿನೇಳು, ಹದಿನೆಂಟು.
ಶಾಲೆಯ ಮಕ್ಕಳು ಬಿಲ್ಲೆ ಓದುತ್ತಾರೆ, ಮೇಲೆ ನೋಡುವುದಿಲ್ಲ.
ಎರಡು ಎಂದು ಬರೆಯಹೊರಟಾಗ
ಡಾಕ್ಟರ್ ಐರಿನ್ ಲಸ್ರಾದೊ ತಲೆಯೆತ್ತದೆ ಹೇಳಿದರು:
ಇವು ಲೆಕ್ಕಕ್ಕಿಲ್ಲ ಯಶವಂತಿ, ಇವು ನಾವು ಸಾಕಿದ್ದು.
ತಾನಾಗಿ ಹುಟ್ಟಿದ್ದು ಎಷ್ಟಿವೆ, ಅದನ್ನು ಹೇಳು.

ಕಪಾಟು ತೆಗೆದೆ. ನುಸಿಗುಳಿಗೆಯ ವಾಸನೆ.
ಹಳದಿ ಕಾಗದಕ್ಕೆ ಹೊಲಿದ ಒಂದು ರೆಂಬೆ,
ಎರಡು ರೆಕ್ಕೆಯ ಒಂದೇ ಕಾಯಿ,
ಹಾರುವ ಮೊದಲೇ ಒಣಗಿದ್ದು.
ಕೆಳಗೆ ಯಾರದೋ ಓರೆ ಅಕ್ಷರ:
ಹಂಚಿನ ಕಾರ್ಖಾನೆಯ ಹಿಂದೆ. ಧಾರಾಳವಾಗಿದೆ.

ಧಾರಾಳ.
ಆ ಒಂದು ಪದವನ್ನು ನಂಬಿ ಬಸ್ಸು ಹತ್ತಿದೆ.
ಕಾರ್ಖಾನೆ ಇಲ್ಲ, ಚಿಮಣಿ ಇದೆ,
ಅದರ ಬಾಯಲ್ಲಿ ಅಶ್ವತ್ಥದ ಒಂದು ಸಸಿ.
ಹಿಂದೆ ಮದುವೆ ಹಾಲಿನ ಪಾರ್ಕಿಂಗು.
ಯಾರು ಬೇಕಿತ್ತು ಮೇಡಂ, ವಾಚ್‌ಮ್ಯಾನ್ ಕೇಳಿದ.
ಏನೆನ್ನಲಿ ಅವನಿಗೆ.

ಹಿಂದಿರುಗಿ ಬರೆಯಲು ಕುಳಿತ ಕೋಣೆಗೂ ಅದೇ ಹಂಚು.
ಯಾವ ಸೌದೆಯ ಉರಿಗೆ ಕೆಂಪಾಯಿತೋ
ಎಂದು ಕೇಳುವ ಕಲಮು ನಮೂನೆಯಲ್ಲಿಲ್ಲ.

ಬದಲಿಗೆ ಹೀಗಿದೆ: ಕಳೆದ ಮೂರು ತಲೆಮಾರಿನಲ್ಲಿ
ಇಳಿಕೆ ಎಷ್ಟು? ಶೇಕಡಾ ತಿಳಿಸಿ.

ಬಂದರಿನಲ್ಲಿ ಹಸನಬ್ಬರ ಮರದ ಡಿಪೋ.
ಗೆದ್ದಲು ತಿಂದು ಬಿಟ್ಟ ಲೆಕ್ಕದ ಪುಸ್ತಕ ತೊಡೆಯ ಮೇಲೆ ಬಿಡಿಸಿ
ಬೆರಳಿಗೆ ಉಗುಳು ಹಚ್ಚಿ ಪುಟ ತಿರುಗಿಸಿದರು.
ಅಜ್ಜ ಬರೆದದ್ದು ನೋಡಿ, ಮಂಜಿಯ ಹಲಗೆಗೆ, ಗಾಡಿಗಟ್ಟಲೆ.
ಅಪ್ಪ ಬರೆದದ್ದು ತುಂಡಿನ ಲೆಕ್ಕ.
ನನ್ನ ಕಾಲಕ್ಕೆ ಎಂಬತ್ತೆಂಟರಲ್ಲಿ ಒಂದು ಬಂದಿತ್ತು,
ಗರಗಸದ ಹಲ್ಲು ಮುರಿದು ಹಾಕಿತು ಮಾರಾಯ್ತಿ.
ಈಗೆಲ್ಲ ಮಲೇಷ್ಯಾದ್ದು.
ಸ್ವಲ್ಪ ಸುಮ್ಮನಿದ್ದು ಕೇಳಿದರು: ಇದು ಕೇಸು ಆಗ್ತದಾ?
ಇಲ್ಲ ಕಾಕ, ಬರೇ ಲೆಕ್ಕ.
ಚಾ ತರಿಸಿದರು.

ಮರದ ತಲೆಮಾರು ಬೇರೆ, ಮನುಷ್ಯರದು ಬೇರೆ, ಗೊತ್ತು.
ಒಂದು ಮರ ಮೊದಲ ಕಾಯಿಗೆ ಮೈ ಕೂಡಿಸುವಷ್ಟರಲ್ಲಿ
ಅಜ್ಜ ಹೋಗಿ, ಅಪ್ಪ ಹೋಗಿ,
ಹಸನಬ್ಬರ ಗಡ್ಡವೂ ಬೆಳ್ಳಗಾಗಿದೆ.

ಕೊನೆಗೆ ಸಿಕ್ಕಿದ್ದು ಒಂದು ನಾಗಬನದಲ್ಲಿ.
ಊರಿನ ಹೆಸರು ಇಲ್ಲಿಯೂ ಬರೆಯುವುದಿಲ್ಲ,
ಕೊಡಲಿಗೂ ಓದು ಬರುತ್ತದೆ.
ಚಪ್ಪಲಿ ಬಿಟ್ಟು ಹೊರಗೇ ನಿಂತೆ.
ಬೆರಳು ತೋರಿಸಿ ಎಣಿಸಬಾರದು ಎಂದರು ಲಚ್ಚು ಪೂಜಾರ್ತಿ.
ಗದ್ದ ಎತ್ತಿ ಎತ್ತಿ ಎಣಿಸಿದೆ.
ಹನ್ನೊಂದು. ಮತ್ತೊಮ್ಮೆ. ಹನ್ನೊಂದು.
ಒಂದು ಬುಡ ಗರಗಸದಲ್ಲಿ ಕೊಯ್ದದ್ದು, ಹೊಸ ಗಾಯ, ಅಂಟು ಇನ್ನೂ ಹಸಿ.
ಬನಕ್ಕೆ ಗ್ರಾನೈಟು ಹಾಸುತ್ತಾರಂತೆ, ಬೇರು ಎಬ್ಬಿಸುತ್ತದಂತೆ.
ಅದನ್ನು ಎಣಿಸಲೋ ಬಿಡಲೋ ತಿಳಿಯಲಿಲ್ಲ.

ಈ ಬೀಜ ಕಾಯುವುದಿಲ್ಲ.
ಡಬ್ಬಿಯಲ್ಲಿಟ್ಟರೆ, ಫ್ರಿಜ್ಜಿನಲ್ಲಿಟ್ಟರೆ, ಒಣಗಿಸಿದರೆ ಸಾಯುತ್ತದೆ.
ಬಿದ್ದ ವಾರದೊಳಗೆ ಮಣ್ಣು ಸಿಗಬೇಕು.
ಉಳಿಸಿಕೊಳ್ಳುವುದಾದರೆ ಮರವಾಗಿಯೇ ಉಳಿಸಿಕೊಳ್ಳಬೇಕು,
ನಾನೂರ ಹತ್ತೊಂಬತ್ತು, ಇಪ್ಪತ್ತು, ಹೀಗೆ,
ಲೆಕ್ಕಕ್ಕಿಲ್ಲದ ಸಾಕುಮರಗಳಾಗಿ.
ಲಚ್ಚು ಪೂಜಾರ್ತಿ ಹಿಡಿಸೂಡಿ ನಿಲ್ಲಿಸಿ ಅಚ್ಚರಿಪಟ್ಟರು:
ದಿನಾ ಗುಡಿಸಿ ಬೆಂಕಿ ಕೊಡುವ ಈ ಕಸವಾ ನಿಮಗೆ ಬೇಕಾದ್ದು?

ನಮೂನೆಯ ಕೊನೆಗೆ ಒಂದು ಚೌಕ: ಮಾಹಿತಿ ಸಾಲದು.
ಟಿಕ್ ಹಾಕಿದರೆ ಇವತ್ತೇ ಕೆಲಸ ಮುಗಿಯುತ್ತದೆ.
ಹಾಕಬೇಡ, ಐರಿನ್ ಮೇಡಂ ಕನ್ನಡಕ ತೆಗೆದರು,
ಅದನ್ನು ಓದಿದವರು ಪುಟ ಮಗುಚುತ್ತಾರೆ.
ಹೋಗದ ಬನ ಇನ್ನೂ ಎಷ್ಟಿವೆ?
ನಾನು ಹೇಳಲಿಲ್ಲ. ಪಟ್ಟಿ ಚೀಲದಲ್ಲೇ ಇತ್ತು, ನಾಲ್ಕು ಪುಟ.

ಬೆಳಿಗ್ಗೆ ಆರಕ್ಕೆ ಫೋನು.
ರಾತ್ರಿ ಗಾಳಿ ಜೋರಿತ್ತು ಮಗಾ,
ಕಸ ತುಂಬ ಬಿದ್ದಿದೆ.
ಗುಡಿಸಲಿಲ್ಲ ನಾನು.
ಬರ್ತೀಯಾ?