ಎಳ್ಳಮಾಸಿ ಮುಂಚಿನ ರಾತ್ರಿ

ಸುರಪುರದ ಕಡೀ ಬಸ್ಸಿಳಿದು
ಟೇಲರ್ ಲಾಲಸಾಬ ದಂಡಿಗಿ ಬಂದಾಗ ಒಂಬತ್ತು ಹೊಡದಿತ್ತು.
ತಲಿ ಮ್ಯಾಲ ಗೋಣಿಚೀಲದಾಗ ಸುತ್ತಿದ ಕೈಮಿಷನ್ನು,
ರಿಪೇರಿಗಿ ಹೋಗಿ ಮೂರು ದಿನಕ್ಕ ವಾಪಸ್ ಸಿಕ್ಕದ್ದು.
'ಹದಿನಾಕು ಜಂಪರು ಕತ್ತರಿಸಿ ಇಟ್ಟೀನಿ ಹೊನ್ನಪ್ಪಣ್ಣ,
ನಾಳಿ ಚರಗ ಚೆಲ್ಲಾಕ ಹೋಗೋ ಹೆಣ್ಮಕ್ಕಳು
ನನ್ನ ಚರ್ಮಾನೇ ಹೊಲೀತಾರ. ದಾಟಿಸು.'

'ಮಂಜು ನೋಡಲ್ಲ' ಅಂದೆ.
'ನೋಡ್ಲಕತ್ತೀನಿ. ಅದೊಂದು ಬಿಟ್ಟು ಮತ್ತೇನೂ ಕಾಣವಲ್ದು.'

ಪುಟ್ಟಿಗಿ ಮುಂದಿಲ್ಲ, ಹಿಂದಿಲ್ಲ.
ಹುಟ್ಟು ಹಾಕೋ ಕೈ ಯಾವ ಕಡಿ ಅದಾವೋ
ಆ ಕಡೀನೇ ಅದರ ಮಾರಿ.
ಅಂಥದ್ರಾಗ ಚಂದ್ರಿಲ್ಲದ ಕೃಷ್ಣಿ,
ಜಿನ್ನಿನೊಳಗ ಹಿಂಜಿದ ಅರಳಿ ಹಾರಿ
ಕಣ್ಣು ಮೂಗು ತುಂಬಿಧಂಗ ಮಂಜು.
ಕಣ್ಣು ಮುಚ್ಚಿ ದಾಟ್ತೀನಿ ಅಂತ
ಚಾದಂಗಡ್ಯಾಗ ಕೊಚ್ಚಿಕೊಂಡವ ನಾನೇ.
ಮುಚ್ಚಿದ ಕಣ್ಣು ಯಾವಾಗ ಬೇಕಾದ್ರೂ ತೆಗೀಬಹುದು,
ತೆಗೆದ ಕಣ್ಣಿಗಿ ಮಾಡೂದೇನು?

ಎಮ್ಮಿಬಂಡಿ ಹತ್ರ ನೀರು ಗುಳುಗುಳು ಅಂತದ,
ಅದನ್ನ ಬಲಕ್ಕ ಬಿಡಬೇಕು. ಬಿಟ್ಟೆ.
ಬೀಡಿ ಸೇದೂವಷ್ಟು ಹೊತ್ತಿಗಿ
ಮತ್ತ ಬಲಕ್ಕ ಬಂತು ಅದೇ ಗುಳುಗುಳು.
ಲಾಲಸಾಬಗ ಹೇಳಲಿಲ್ಲ.
'ಇಷ್ಟೊತ್ತಿಗಿ ಗಡ್ಡಿ ಬರಬೇಕಿತ್ತಲ್ಲ?'
'ಬರ್ತದ ತಡಿ. ಗಡ್ಡಿಗೇನು ಕಾಲದಾವಾ ಓಡಿಹೋಗಾಕ?'

ಎಲ್ಲೋ ಧಡಕ್ಕನ ನೀರಿಗಿ ಬಿತ್ತು ಏನೋ.
'ಮೀನು' ಅಂದೆ.
'ಇಷ್ಟು ದೊಡ್ಡದಾ?'
'ದೊಡ್ಡ ಮೀನು.'
ಅವ ಕಾಲು ಒಳಗ ಎಳಕೊಂಡ.

ಆಗ ಕಂಡಿತು, ಹಸಿ ತತ್ತಿಯ ಹಳದಿಯಂಗ,
ಹುಲಿಗೆಮ್ಮನ ಕಂದೀಲು.
ಅದರ ಕಡಿ ತಿರುಗಿಸಿದೆ. ಅದು ಎಡಕ್ಕ ಸರೀತು.
ನಾನೂ ಎಡಕ್ಕ. ಅದು ಬಲಕ್ಕ.
ನಾರಾಯಣಪುರದಾಗ ಗೇಟು ಎತ್ತಿ ನೀರು ಬಿಟ್ಟಾರೇನೋ,
ಹೊಳೀನೇ ನನ್ನ ಜಗ್ಗಲಕತ್ತದ ಅಂದ್ಕೊಂಡು
ಕೈ ಅದ್ದಿ ನೋಡಿದೆ. ನೀರು ನಿಂತಂಗೇ ಇತ್ತು.

ಆಮ್ಯಾಗ ಹೊಳೀತು:
ನಿಂತಲ್ಲಿ ನಿಲ್ಲೋ ಹೆಂಗಸಲ್ಲ ಅಕಿ.
ದಂಡಿಗುಂಟ ಮ್ಯಾಲ ಹೋಗಿ ನೋಡ್ತಾಳ,
ತಡೀಲಾರದ ಕೆಳಗ ಬಂದು ನೋಡ್ತಾಳ,
ಸೆರಗಿನ ಮರಿಗಿ ಹಿಡದ ದೀಪ ಅಕಿ ಕೂಡ ಅಡ್ಡಾಡ್ತದ,
ದೀಪದ ಬೆನ್ನು ಹತ್ತಿ ನಾನು.
'ನಿಂದ್ರs ಏ, ಒಂದ್ಕಡಿ ನಿಂದ್ರs!'
ಮಂಜು ದನಿ ನುಂಗಿ
ನನ್ನ ಬೆನ್ನ ಹಿಂದ ತಂದು ಉಗುಳ್ತು.

ಲಾಲಸಾಬ ಗೋಣಿ ಬಿಚ್ಚಿದ.
'ನಿನ್ನ ಶೆಲ್ಯ ಕೊಡು ಇಲ್ಲಿ.
ಬಟ್ಟಿ ಇಲ್ಲದ ಹೊಡದ್ರ ಮಿಷನ್ನಿನ ಹಲ್ಲು ಸವೀತಾವ.'
ಮೊಣಕಾಲ ನಡುವ ಒತ್ತಿ ಹಿಡಕೊಂಡು
ಚಕ್ರ ತಿರುವಿದ.

ಮದಿವಿ ಮುಂದ, ರಂಜಾನಿನ ಮುಂದ
ನಡುರಾತ್ರಿ ತನಕ ಗಡ್ಡಿಯ ನಿದ್ದಿ ಕೆಡಿಸೋ ಸಪ್ಪಳ,
ಮೂರು ದಿನ ಊರಿಗಿ ಇಲ್ಲದ ಸಪ್ಪಳ,
ಟರರರ... ನಿಲ್ಲಿಸಿದ... ಟರರರ.

ಕಂದೀಲು ನಿಂತಿತು.

ಹುಟ್ಟು ಹಾಕಿದೆ. ಅವ ತಿರುವಿದ.
ಹುಟ್ಟು ಹಾಕಿದೆ. ಅವ ತಿರುವಿದ.
ಜಾಲಿ ಹೊಗಿಯ ವಾಸನಿ, ಆಮ್ಯಾಗ ನಾಯಿ,
ಆಮ್ಯಾಗ ತಳಕ್ಕ ಉಸುಕು ತಾಗಿ ಕರ್ ಅಂದದ್ದು.

'ಎಲ್ಲಿ ಹೋಗಿದ್ದಿ ಇಷ್ಟೊತ್ತು?' ಅಂದಳು.
'ನೀ ಹೋದಲ್ಲೆಲ್ಲ' ಅಂದೆ.
ಕಂದೀಲು ಎತ್ತಿ ನನ್ನ ಮಾರಿ ನೋಡಿದಳು,
ಮಾತಾಡಲಿಲ್ಲ, ಮಿಷನ್ನಿಗಿ ಕೈ ಹಚ್ಚಿದಳು,
ಇಬ್ಬರೂ ಹೊತ್ತು ಒಯ್ದರು.

ಬೆಳಗಾಗೂದ್ರಾಗ ಹನ್ನೊಂದೇ ಮುಗಿದಿದ್ದವು.
ಉಳಿದ ಮೂವರು ಹಳೇ ಜಂಪರಿನಾಗೇ
ಲಾಲಸಾಬಗ ಬೈಕೊಂತ ಹೊಲದ ಹಾದಿ ಹಿಡದರು.
ಬರುವಾಗ ನಮ್ಮನಿಗೂ ಭಜ್ಜಿ, ಸಜ್ಜಿ ಕಡಬು ಕೊಟ್ಟು ಹೋದರು.

ಉಂಡು ಶೆಲ್ಯಕ್ಕ ಕೈ ಒರಸಿದಾಗ ಬೆರಳಿಗಿ ತಾಗಿತು ದಾರ, ಕೆಂಪಂದು.
ಒಂದು ಗೇಣು ಸೊಟ್ಟ,
ಒಂದ್ಕಡಿ ಸುತ್ತು ಹೊಡದು ತನ್ನ ಮ್ಯಾಲ ತಾನೇ ಹತ್ತಿ,
ಅಲ್ಲಿಂದ ಅಂಚಿನ ತನಕ
ಸೀದಾ.